ಏಳನೆಯ ತಟ್ಟೆಯ ಮಣ್ಣು

“ಇದಕ್ಕ ಚಾದ ನೀರು ಕುಡಿಸ್ಯಾರ್ರಿ, ಹವಾಲ್ದಾರ್ರ.”

ಇಸಾಕಸಾಬರು ತಟ್ಟೆಯನ್ನು ಬೋರಲು ಹಾಕಿ, ಅದರ ಬುಡದ ಬಳೆಯನ್ನು ಒದ್ದೆ ಬಟ್ಟೆಯಿಂದ ತಿಕ್ಕುತ್ತಿದ್ದರು. ಬಟ್ಟೆಗೆ ತಿಳಿಗಂದು ಕಲೆ ಹತ್ತಿತು.

“ಹೊಸಾದನ್ನ ಹಳೇದು ಮಾಡೋ ಕೆಲಸ. ಯಾರೋ ತಿಳದವ್ರ ಮಾಡ್ಯಾರ.”

ರಾಣೆಬೆನ್ನೂರಿನ ಹಳೇ ಪೇಟೆಯಲ್ಲಿದ್ದ ಅವರ ಅಂಗಡಿಯಲ್ಲಿ ಇಬ್ಬರು ಕುಂತರೆ ಮೂರನೆಯವರಿಗೆ ಜಾಗವಿರಲಿಲ್ಲ. ಒಂದು ಮೂಲೆಯಲ್ಲಿ ಪಾತ್ರೆಗೆ ಕಲಾಯಿ ಹಾಕುವ ಕುಲುಮೆ. ಇನ್ನೊಂದು ಮೂಲೆಯಲ್ಲಿ ಒಡೆದ ಪಿಂಗಾಣಿಗೆ ತೂತು ಕೊರೆದು ಹಿತ್ತಾಳೆ ತಂತಿಯಿಂದ ಹೊಲಿಯುವ ಸಣ್ಣ ಬೈರಿಗೆ. ಎದುರಿಗೆ ಕಟ್ಟಿಗೆಯ ಸ್ಟೂಲಿನ ಮೇಲೆ ಶಮಶೇರಸಾಬರು ಕುಂತಿದ್ದರು. ಪೊಲೀಸ್ ಇಲಾಖೆಯಿಂದ ನಿವೃತ್ತರಾಗಿ ಮೂರು ವರ್ಷವಾಗಿದ್ದರೂ ಅವರು ಇಂದಿಗೂ ಬೆನ್ನು ನೆಟ್ಟಗೆ ಮಾಡಿಯೇ ಕೂಡುತ್ತಿದ್ದರು.

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಪ್ರಭುಲಿಂಗಪ್ಪನವರ ಬೀರುವಿನಲ್ಲಿದ್ದ ಹನ್ನೊಂದು ಇಟಲಿ ತಟ್ಟೆಗಳಲ್ಲಿ ಏಳನೆಯದನ್ನು ಯಾರೋ ಬದಲಾಯಿಸಿದ್ದಾರೆಂದು ತಿಳಿದು ಅಂದಿಗೆ ನಾಲ್ಕು ದಿನ.

ಆ ತಟ್ಟೆಗಳು ಪ್ರಭುಲಿಂಗಪ್ಪನವರವಲ್ಲ. ಸಾವಿರದ ಒಂಬೈನೂರ ನಲವತ್ತರಲ್ಲಿ, ರಾಣೆಬೆನ್ನೂರಿನ ಅರಳೆ ಪ್ರೆಸ್ಸಿಗೆ ಹತ್ತಿ ಖರೀದಿಗೆಂದು ಬಂದಿದ್ದ ಲೂಯಿಜಿ ಎಂಬ ತರುಣನನ್ನು ಬ್ರಿಟಿಷ್ ಸರಕಾರ ಶತ್ರುದೇಶದವನೆಂದು ಹಿಡಿದುಕೊಂಡು ಹೋಯಿತು. ಹೋಗುವ ಮುಂಚೆ ಅವನು ಒಂದು ಕಟ್ಟಿಗೆ ಪೆಟ್ಟಿಗೆಯನ್ನು ಪ್ರಭುಲಿಂಗಪ್ಪನವರ ತಂದೆಯ ಕೈಗೆ ಕೊಟ್ಟು, ಬಂದು ಒಯ್ಯುತ್ತೇನೆ ಎಂದಿದ್ದ. ಬರಲಿಲ್ಲ. ತಂದೆ ಕಾಯ್ದರು, ಆಮೇಲೆ ಮಗ ಕಾಯ್ದರು. ಈಗ ಅರವತ್ತೇಳು ವರ್ಷದ ಮೇಲೆ ಲೂಯಿಜಿಯ ಮೊಮ್ಮಗಳು ಎಲೆನಾ ಬರುವ ಶನಿವಾರ ಬ್ಯಾಡಗಿಗೆ ಬರುವವಳಿದ್ದಳು. ಇಂಟರ್‌ನೆಟ್ಟಿನಲ್ಲಿ ಅವಳನ್ನು ಹುಡುಕಿ ತೆಗೆದದ್ದು ಪ್ರಭುಲಿಂಗಪ್ಪನವರ ಸೊಸೆ ಶ್ವೇತಾ.

“ಹನ್ನೊಂದೂ ಆ ಹುಡುಗಿ ಕೈಗೆ ಇಟ್ರ ನಮ್ಮಪ್ಪನ ಮಾತು ಮುಗೀತು, ಶಮಶೇರ,” ಎಂದಿದ್ದರು ಪ್ರಭುಲಿಂಗಪ್ಪ. ಇಬ್ಬರೂ ಮೋಟೆಬೆನ್ನೂರಿನ ಶಾಲೆಯಲ್ಲಿ ಒಂದೇ ಮಣೆಯ ಮೇಲೆ ಕುಂತು ಕಲಿತವರು. ಅದಕ್ಕೇ ಪೊಲೀಸ್ ಠಾಣೆಗೆ ಹೋಗದೆ ಗೆಳೆಯನಿಗೆ ಹೇಳಿಕಳಿಸಿದ್ದರು.

“ಇಸಾಕಭಾಯಿ, ನೀವೂ ಆ ಬೀರು ಮುಟ್ಟಿದವ್ರ,” ಎಂದರು ಶಮಶೇರಸಾಬರು ಮೆಲ್ಲಗೆ.

“ಮುಟ್ಟೇನ್ರಿ. ಮೂರು ತಟ್ಟಿಗೆ ನಾನ ಹೊಲಿಗಿ ಹಾಕೇನಿ. ಎರಡು, ಐದು, ಒಂಬತ್ತು. ಏಳನೇದಕ್ಕ ಒಂದು ಗೆರಿ ಸೈತ ಇದ್ದಿಲ್ಲ. ಸಂಶೇ ಇದ್ರ ಕೇಳ್ರಿ, ಬ್ಯಾಸರಿಲ್ಲ.”

“ಸಂಶೇ ಇಟ್ಕೊಂಡ ಬಂದಿದ್ದೆ. ಈಗ ಕಮ್ಮಿ ಆಗೇತಿ.”

ಇಸಾಕಸಾಬರು ನಕ್ಕರು. ಆಮೇಲೆ ಒಂದು ಅರದಿಂದ ಬುಡದ ಬಳೆಯನ್ನು ಒಂದೇ ಸಲ ಎಳೆದರು. ಕಲೆಯ ಕೆಳಗೆ ಮಣ್ಣು ಕಂಡಿತು. ಕಪ್ಪು ಬೆರೆತ ಕೆಂಪು.

“ಇಲ್ಲಿ ನೋಡ್ರಿ. ಆ ಮೂರೂ ತಟ್ಟಿ ಕೊರೀವಾಗ ಬಿದ್ದ ಪುಡಿ ನನಗ ನೆನಪೈತಿ. ಕಡ್ಲಿಹಿಟ್ಟಿನ ಬಣ್ಣ. ಇಟಲಿ ಮಣ್ಣು ಹಂಗ ಇರತೈತಿ ಅಂತ ಪ್ರಭುಲಿಂಗಪ್ಪಾರು ಅವತ್ತ ಹೇಳಿದ್ರು. ಇದು ಆ ಮಣ್ಣಲ್ಲ. ಇದು ಐರಣಿ ಹೊಳಿ ದಂಡಿ ಮಣ್ಣು.”

“ಅಷ್ಟು ಖಾತ್ರಿ ಹೆಂಗ ಹೇಳ್ತೀರಿ?”

“ನನ್ನ ಕುಲುಮಿ ಮೆತ್ತೋದು ಅದ ಮಣ್ಣಿಲೆ. ನಲವತ್ತು ವರ್ಷಾತು.” ಅವರು ತಟ್ಟೆಯನ್ನು ಮತ್ತೆ ನೆಟ್ಟಗೆ ಇಟ್ಟರು. “ಇನ್ನೊಂದು ಹೇಳ್ತೇನಿ. ಈ ಬಿಳೀ ಮೆರುಗಿಗೆ ತವರ ಬೇಕು, ಕಲಾಯಿ ತವರ. ದೀಪಾವಳಿ ಆದ ಮ್ಯಾಲ ನನ್ನ ಕಡೆಯಿಂದ ಮೂರು ಸಲ ತವರ ಒಯ್ದಾಕಿ ಒಬ್ಬಾಕಿನ. ಐರಣಿ ಕುಂಬಾರ ಗುಡದಪ್ಪನ ಮಗಳು, ಅಂಜಲಿ. ಒಳ್ಳೇ ಹುಡುಗಿ ರೀ. ನಾ ಹೇಳೇನಿ ಅಂತ ಹೇಳಬ್ಯಾಡ್ರಿ.”

ಬಾಗಿಲಿನಿಂದ ಬಿಸಿಲು ತಟ್ಟೆಯ ಮೇಲೆ ಬಿತ್ತು. ಅದರ ಮೇಲೆ ಬರೆದದ್ದು ಒಂದು ಪಕ್ಕಕ್ಕೆ ತಿರುಗಿದ ಹೆಣ್ಣಿನ ಮುಖ. ಜಡೆಗೆ ಬಲೆ, ಕತ್ತಿನ ಹಿಂದೆ ಸುತ್ತಿ ಬಂದ ಪಟ್ಟಿ, ಪಟ್ಟಿಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಎರಡು ಪದ: ಅಸ್ಸುಂತಾ ಬೆಲ್ಲಾ. ನೇರ ನೋಡಿದರೆ ಬಟ್ಟೆಯ ಬಣ್ಣ ಇಟ್ಟಂಗಿಯಂತೆ ಮಂಕು. ಇಸಾಕಸಾಬರು ತಟ್ಟೆಯನ್ನು ಸ್ವಲ್ಪ ಓರೆ ಮಾಡಿದರು. ಇಟ್ಟಂಗಿಯ ಬಣ್ಣ ಸರಿದು ದಾಳಿಂಬೆ ಕಾಳಿನ ಕೆಂಪು ಎದ್ದಿತು, ಅದರ ಅಂಚಿಗೆ ಹಸಿರು, ನವಿಲುನೀಲಿ.

“ಖೋಟಾ ಅನ್ನಾಕ ನಾಲಿಗಿ ಏಳವಲ್ದು,” ಎಂದರು ಇಸಾಕಸಾಬರು.

ಅಂಗಡಿಯ ಹೊರಗೆ ಬಂದು ಶಮಶೇರಸಾಬರು ಮೊಬೈಲಿನಿಂದ ಬ್ಯಾಡಗಿಗೆ ಫೋನ್ ಹಚ್ಚಿದರು. ಎತ್ತಿದವಳು ಶ್ವೇತಾ.

“ತಂಗಿ, ನಿಮ್ಮ ಮನಿಯಿಂದ ಇತ್ಲಾಗ ಯಾರರೆ ಐರಣಿಗೆ ಹೋಗಿದ್ರೇನು?”

ಆ ಕಡೆ ಹಿಂದೆ ಎಲ್ಲೋ ಕುಕ್ಕರಿನ ಸೀಟಿ ಕೇಳಿಸಿತು.

“ಕಾಕಾರ,” ಎಂದಳು ಶ್ವೇತಾ, ದನಿ ತಗ್ಗಿಸಿ. “ನೀವು ಅಲ್ಲಿಗೆ ಹೋಗಬ್ಯಾಡ್ರಿ. ನಿಮ್ಮ ಕೈ ಮುಗೀತೇನಿ.”

ಅವರು ಸ್ಕೂಟರನ್ನು ಐರಣಿಯ ದಾರಿಗೆ ತಿರುಗಿಸಿದರು.

*

ದಾರಿಯುದ್ದಕ್ಕೂ ಅವರಿಗೆ ಪ್ರಭುಲಿಂಗಪ್ಪನವರ ಬೆರಳುಗಳೇ ನೆನಪಾಗುತ್ತಿದ್ದವು.

ಎರಡು ವರ್ಷದಿಂದ ಪ್ರಭುಲಿಂಗಪ್ಪನವರ ಕಣ್ಣು ಹೋಗುತ್ತ ಬಂದಿದ್ದವು. ಈಗ ಬೆಳಕು ಕತ್ತಲೆ ಬಿಟ್ಟರೆ ಬೇರೆ ಏನೂ ತಿಳಿಯುತ್ತಿರಲಿಲ್ಲ. ಆದರೂ ದಿನಾ ಮುಂಜಾನೆ ಬೀರುವಿನ ಮುಂದೆ ಕುಂತು ಒಂದೊಂದೇ ತಟ್ಟೆ ತೊಡೆಯ ಮೇಲೆ ಇಟ್ಟುಕೊಂಡು ಸವರುತ್ತಿದ್ದರು. ಬರೀ ಇಟ್ಟುಕೊಂಡು ಕಾಯ್ದವರಲ್ಲ ಅವರು. ಇಪ್ಪತ್ತನೆಯ ವಯಸ್ಸಿಗೆ ಆ ಪೆಟ್ಟಿಗೆ ತೆರೆದು ನೋಡಿದಾಗಿನಿಂದ ಅದರ ಹುಚ್ಚು ಹತ್ತಿತ್ತು. ಮೆಣಸಿನಕಾಯಿ ಲಾರಿಯ ಜೋಡಿ ಮುಂಬೈಗೆ ಹೋದಾಗೆಲ್ಲ ಹಳೇ ಸಾಮಾನಿನ ಬಜಾರು ತಿರುಗಿ, ಪುಣೆಯ ಪಾರ್ಸಿ ಮನೆಗಳ ಲಿಲಾವಿಗೆ ಹೋಗಿ, ತಮ್ಮದೇ ಇನ್ನೂ ಹದಿನಾರು ತಟ್ಟೆ ಕೂಡಿಸಿದ್ದರು. ಯಾವುದು ದೆರೂತಾ ಊರಿನ ಹಳದಿ ಹೊಳಪು, ಯಾವುದು ಗುಬ್ಬಿಯೋ ಊರಿನ ಕೆಂಪು ಎಂದು ಮೊದಲು ಕಣ್ಣಿಂದ, ಆಮೇಲೆ ಬೆರಳಿಂದ ಹೇಳಬಲ್ಲವರಾಗಿದ್ದರು.

ತಂದೆಯ ಬಾಯಿಂದ ಕೇಳಿ ಅವರು ಹೆಚ್ಚು ಪ್ರೀತಿಯಿಂದ ಹೇಳುತ್ತಿದ್ದದ್ದು ಅಸ್ಸುಂತಾಳ ಸುದ್ದಿ. ಲೂಯಿಜಿಯ ತಾಯಿ. ಗುಬ್ಬಿಯೋದ ಒಂದು ಕಾರಖಾನೆಯಲ್ಲಿ ತಟ್ಟೆಗೆ ಬಣ್ಣ ಬರೆಯುವ ಕೆಲಸ ಆಕೆಯದು. ತಟ್ಟೆಯ ಬೆನ್ನಿಗೆ ಯಜಮಾನನ ಗುರುತು ಬೀಳುತ್ತಿತ್ತೇ ಹೊರತು ಬರೆದವರ ಹೆಸರು ಎಲ್ಲೂ ಇರುತ್ತಿರಲಿಲ್ಲ. ಆಕೆ ತಾನು ಬರೆದ ಎಲೆಯ ಕೆಳಗೆ ಮೂರು ಚುಕ್ಕೆ ಇಟ್ಟು ಸುಮ್ಮನಾಗುತ್ತಿದ್ದಳು.

“ಆ ಮೂರು ಚುಕ್ಕಿ ಹುಡುಕಾಕ ನನಗ ಇಪ್ಪತ್ತು ವರ್ಷ ಹಿಡೀತು, ಶಮಶೇರ,” ಎಂದಿದ್ದರು ಪ್ರಭುಲಿಂಗಪ್ಪ. “ಮುಂಬೈದಾಗ ಅಕೀವು ಮತ್ತ ಎರಡು ಸಿಕ್ಕು. ಅವತ್ತ ರೈಲಿನ್ಯಾಗ ನಾ ಅತ್ತೇನಿ.”

ನಾಲ್ಕು ದಿನದ ಹಿಂದೆ ಏಳನೆಯ ತಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡವರು ಅದರ ಅಂಚು ಹಿಡಿದು ತೂಗಿ, ಪಟ್ಟಿಯ ಮೇಲಿನ ಗೆರೆ ಸವರಿ, “ಇದು ನನ್ನ ತಟ್ಟಿ ಅಲ್ಲ,” ಎಂದಿದ್ದರು. ಪಕ್ಕದಲ್ಲಿ ನಿಂತಿದ್ದ ಹೆಂಡತಿ ಗದಿಗೆವ್ವನವರ ಕೈಯಿಂದ ಹಾಲಿನ ಲೋಟ ಜಾರಿತ್ತು.

ಆ ಲೋಟವನ್ನು ಶಮಶೇರಸಾಬರು ನಾಲ್ಕು ದಿನವೂ ಮರೆತಿರಲಿಲ್ಲ.

*

ಅಂಜಲಿ ತಿಗರಿಯ ಮುಂದೆ ಇದ್ದಳು. ಇಪ್ಪತ್ತಾರು ಇಪ್ಪತ್ತೇಳರ ಹುಡುಗಿ, ಮೊಣಕೈತನಕ ಮಣ್ಣು. ದಾವಣಗೆರೆಯಲ್ಲಿ ಚಿತ್ರಕಲೆ ಕಲಿತು ಊರಿಗೇ ವಾಪಸು ಬಂದವಳೆಂದು ಊರ ಬಾಯಲ್ಲಿ ಕೇಳಿಕೊಂಡೇ ಅವರು ಒಳಗೆ ಬಂದಿದ್ದರು. ಪಡಸಾಲೆಯ ಹೊರಸಿನ ಮೇಲೆ ಅವಳ ತಂದೆ ಗುಡದಪ್ಪ ಗೋಡೆಗೆ ಒರಗಿದ್ದರು. ಎರಡು ವರ್ಷದ ಹಿಂದೆ ಲಕ್ವಾ ಹೊಡೆದು ಬಲಗೈ ಬಿದ್ದಿತ್ತು, ಮಾತೂ ಹೋಗಿತ್ತು.

ಶಮಶೇರಸಾಬರು ಚೀಲದಿಂದ ತಟ್ಟೆ ತೆಗೆದು, ಟವೆಲ್ ಬಿಚ್ಚಿ, ಅವಳ ಮುಂದಿನ ಮಣೆಯ ಮೇಲೆ ಇಟ್ಟರು.

ತಿಗರಿ ತನ್ನಷ್ಟಕ್ಕೆ ತಿರುಗಿ ನಿಂತಿತು.

“ಪೊಲೀಸರೇನ್ರಿ?” ಎಂದಳು ಅಂಜಲಿ.

“ಇದ್ದೆ. ಈಗ ಪ್ರಭುಲಿಂಗಪ್ಪನ ಗೆಳೆಯಾ ಶಮಶೇರಸಾಬ ಅಷ್ಟ.”

“ಕುಂದ್ರಿ ಕಾಕಾರ. ಚಾ ಮಾಡ್ತೇನಿ.”

“ಚಾ ಆಮ್ಯಾಲ ಆಗಲಿ. ಇದನ್ನ ಮಾಡಿದಾಕಿ ನೀನ ಏನವ್ವಾ?”

ಅವಳು ಕೈ ತೊಳೆದುಕೊಂಡಳು. ಸೆರಗಿಗೆ ಒರೆಸಿಕೊಂಡಳು. ಓಡುವ ಲಕ್ಷಣ ಇರಲಿಲ್ಲ, ಸುಳ್ಳು ಹೇಳುವ ಲಕ್ಷಣವೂ ಇರಲಿಲ್ಲ.

“ಹೌದ್ರಿ. ನಾನ ಮಾಡೇನಿ.”

“ಯಾರು ಮಾಡಂದ್ರು?”

“ಅದನ್ನ ಹೇಳೂದಿಲ್ಲ ಅಂತ ಮಾತು ಕೊಟ್ಟೇನ್ರಿ.”

“ಹಂಗಾರ ನಾ ಹೇಳ್ತೇನಿ. ಗದಿಗೆವ್ವ ವೈನಿ. ಜೋಡಿ ಅವ್ರ ಸೊಸಿ.”

ಅಂಜಲಿ ನೆಲ ನೋಡಿದಳು. ಶಮಶೇರಸಾಬರು ಕಾದರು. ಸುಮ್ಮನೆ ಕುಂತರೆ ಸಾಕು, ಸುಮ್ಮನಿರುವುದು ಭಾರವಾದಾಗ ಜನ ತಾವೇ ಮಾತಾಡುತ್ತಾರೆಂದು ನೌಕರಿ ಅವರಿಗೆ ಕಲಿಸಿತ್ತು.

“ದೀಪಾವಳಿ ಪಾಡ್ಯದ ದಿನಾ ಅಮ್ಮಾರು ಬೀರು ಒರಸಾಕ ಹೋಗಿದ್ರಂತ್ರಿ,” ಎಂದಳು ಕಡೆಗೆ. “ತಟ್ಟಿ ಕೈಯಿಂದ ಜಾರಿ ಬಿತ್ತು. ಒಂಬತ್ತು ತುಂಡಾತು. ಪ್ರಭುಲಿಂಗಪ್ಪಾರು ಅಂಗಳದಾಗ ಕುಂತಿದ್ರು. ಏನದು ಸಪ್ಪಳಾ ಅಂತ ಕೇಳಿದ್ರ, ಅಮ್ಮಾರು ಚಾದ ಬಸಿ ಅಂತ ಅಂದುಬಿಟ್ರಂತ. ಅದೊಂದು ಸುಳ್ಳು ಹೇಳಿದ ಮ್ಯಾಲ ಹೊಳ್ಳಿ ಖರೇ ಹೇಳಾಕ ಆಗಲಿಲ್ಲ ಅಂದ್ರು.”

“ಇಲ್ಲಿಗೆ ಹೆಂಗ ಬಂದ್ರು?”

“ಶ್ವೇತಾ ಅಕ್ಕಾರು ದಾವಣಗೇರಿ ಪ್ರದರ್ಶನದಾಗ ನನ್ನ ಕೆಲಸಾ ನೋಡಿದ್ರು. ಇಬ್ರೂ ತುಂಡೆಲ್ಲಾ ಇರಕಲ್ ಸೀರ್‍ಯಾಗ ಕಟ್ಕೊಂಡು ಬಂದ್ರು. ಇಲ್ಲೇ ಕುಂತು ಅತ್ರು ರೀ ಅಮ್ಮಾರು. ‘ಅವರಿಗೆ ಕಣ್ಣಿಲ್ಲ. ಆ ತಟ್ಟಿ ಮ್ಯಾಲ ಬೆರಳಾಡಿಸೋದೊಂದ ಉಳದೈತಿ. ಅದನ್ನೂ ನಾನ ಕಸಗೊಂಡೆ’ ಅಂದ್ರು. ನಾನು ಇಲ್ಲ ಅನ್ನಲಿಲ್ಲ.”

“ಎಷ್ಟು ದಿನಾ ಹಿಡೀತು?”

“ಮೂರು ತಿಂಗಳು. ಅಲ್ಲೀತನಕ ಬೀರುದ ಕೀಲಿ ಕಳದೈತಿ ಅಂತ ಅಮ್ಮಾರು ಅವರಿಗೆ ಹೇಳಿದ್ರಂತ್ರಿ.”

ಅವಳು ಅಂಗಳದ ಮೂಲೆ ತೋರಿಸಿದಳು. ಬೇಲಿಯ ಬುಡದಲ್ಲಿ ಒಡೆದ ತಟ್ಟೆಗಳ ರಾಶಿ. ಕೆಲವು ಕಪ್ಪು, ಕೆಲವು ಬೂದಿ ಬಣ್ಣ, ಕೆಲವಕ್ಕೆ ಬರೀ ಮಸಿ. ಶಮಶೇರಸಾಬರು ಎಣಿಸಲು ಹೋಗಿ ಬಿಟ್ಟರು.

“ಮಣ್ಣು ಒಂದು ಸಲ ಸುಡಬೇಕ್ರಿ. ತವರದ ಬಿಳಿ ಹಚ್ಚಿ, ನೀಲಿ ಗೆರಿ ಬರದು ಎರಡನೇ ಸಲ. ಆಮ್ಯಾಲ ತಾಮ್ರದ ಉಪ್ಪು, ಕೆಮ್ಮಣ್ಣು, ಹುಳಿ ಕಲಸಿ ಬಣ್ಣಾ ಬರೀಬೇಕು. ಬರೀವಾಗ ಅದು ರಾಡಿ ಕಂಡಂಗ ಕಾಣತೈತಿ. ಮೂರನೇ ಸಲ ಸುಡೂದು ಬೆಂಕೀಲೆ ಅಲ್ರಿ, ಹೊಗೀಲೆ. ಹತ್ತಿ ಕಟಗಿ ತುಂಬಿ ಗೂಡಿನ ಬಾಯಿ ಮುಚ್ಚಬೇಕು. ಹೊಗಿ ಒಂದು ಗಳಿಗಿ ಹೆಚ್ಚಾದ್ರ ಕಪ್ಪು, ಕಮ್ಮಿ ಆದ್ರ ಏನೂ ಇಲ್ಲ. ಆರಿದ ಮ್ಯಾಲ ಬೂದಿ ತಿಕ್ಕಿದಾಗಷ್ಟ ಗೊತ್ತಾಗತೈತಿ.” ಅವಳ ದನಿಯಲ್ಲಿ ಮೊದಲ ಸಲ ಹುರುಪು ಬಂತು. “ಇದನ್ನ ತಿಕ್ಕಿದಾಗ ಕೆಂಪು ಎದ್ದು ಬಂತ್ರಿ. ನಾ ಅಪ್ಪನ್ನ ಎಬ್ಬಿಸಿ ತೋರ್ಸಿದೆ.”

ಹೊರಸಿನ ಮೇಲೆ ಗುಡದಪ್ಪ ಇದನ್ನೆಲ್ಲ ಕೇಳುತ್ತಿದ್ದರು. ಅವರ ಎಡಗೈ ದುಪ್ಪಟಿಯ ಮೇಲೆ ಸಣ್ಣಗೆ ಆಡುತ್ತಿತ್ತು.

“ತಪ್ಪಾತೇನ್ರಿ, ಕಾಕಾರ?”

ಶಮಶೇರಸಾಬರು ಮನಸ್ಸಿನಲ್ಲೇ ತೂಗಿ ನೋಡಿದರು. ಕಳವಿಲ್ಲ, ಮೋಸದಿಂದ ಲಾಭ ಪಡೆದವರಿಲ್ಲ. ಕಣ್ಣಿಲ್ಲದ ಗಂಡನ ಬೆರಳಿಗೆ ನೋವಾಗಬಾರದೆಂದು ಒಬ್ಬ ಹೆಂಡತಿ ಮಾಡಿದ್ದು, ಅವಳ ಕಣ್ಣೀರು ನೋಡಲಾರದೆ ಒಬ್ಬ ಹುಡುಗಿ ಮಾಡಿದ್ದು. ಇದಕ್ಕೆ ಯಾವ ಕಲಮು ಹಚ್ಚಬೇಕೆಂದು ಅವರಿಗೆ ತಿಳಿಯಲಿಲ್ಲ. ಎದೆಯ ಮೇಲಿನ ಕಲ್ಲು ಇಳಿದಂತಾಗಿತ್ತು. ಗೆಳೆಯನಿಗೆ ಹೇಗೆ ಹೇಳುವುದೆಂಬುದೊಂದೇ ಉಳಿದಿತ್ತು.

“ತಪ್ಪು ನಿನ್ನದಲ್ಲವ್ವಾ. ಆ ತುಂಡು ಇಟ್ಟೀದಿಲ್ಲೋ? ಕೊಡು. ಒಡದದ್ದರೆ ಆ ಇಟಲಿ ಹುಡುಗಿ ಕೈಗೆ ಮುಟ್ಟಲಿ. ಇಸಾಕಸಾಬ ಹೊಲೀತಾರ.”

ಅಂಜಲಿ ಏಳಲಿಲ್ಲ.

“ತಂಗಿ?”

“ಇನ್ನೊಂದು ಮಾತು ಐತ್ರಿ. ಅಮ್ಮಾರಿಗೂ ನಾ ಹೇಳಿಲ್ಲ.”

ಅವಳು ಒಳಗೆ ಹೋಗಿ ಒಂದು ಬುಟ್ಟಿ ತಂದಳು. ಹಳೇ ಸೀರೆಯ ತುಂಡಿನ ಮೇಲೆ ಒಂಬತ್ತು ಚೂರನ್ನೂ ಜೋಡಿಸಿದಳು. ಅದೇ ಮುಖ, ಅದೇ ಜಡೆ, ಅದೇ ಪಟ್ಟಿ. ಎರಡೂ ತಟ್ಟೆ ಅಕ್ಕ ತಂಗಿಯರಂತೆ ಪಕ್ಕಪಕ್ಕ ಕುಂತವು. ಅವಳು ಒಂದು ಚೂರನ್ನು ಎತ್ತಿ, ಒಡೆದ ಅಂಚನ್ನು ಅವರ ಕಡೆಗೆ ತಿರುಗಿಸಿದಳು.

ಅಂಚಿನ ಮಣ್ಣು ಕಡಲೆಹಿಟ್ಟಿನ ಬಣ್ಣದ್ದಲ್ಲ. ಕಪ್ಪು ಬೆರೆತ ಕೆಂಪು.

ಶಮಶೇರಸಾಬರು ಕನ್ನಡಕ ಹಾಕಿಕೊಂಡರು. ತೆಗೆದರು. ಮತ್ತೆ ಹಾಕಿಕೊಂಡರು.

“ಇದೂ ಐರಣಿ ಮಣ್ಣ?”

“ಹೌದ್ರಿ. ಕುಂಬಾರ ಮನ್ಯಾಗ ಹುಟ್ಟಿದಾಕಿಗೆ ಅಷ್ಟು ಗೊತ್ತಾಗೂದಿಲ್ಲೇನ್ರಿ? ಗಂಟು ಬಿಚ್ಚಿದ ಕೂಡ್ಲೇ ಗೊತ್ತಾತು. ಅಮ್ಮಾರು ಇಟಲಿದು ಇಟಲಿದು ಅಂತ ಅಳಾಕತ್ತಿದ್ರು. ನಾ ಬಾಯಿ ಮುಚ್ಚಿದೆ.” ಅವಳು ಪಟ್ಟಿಯ ತುದಿಯ ಮೇಲೆ ಬೆರಳಿಟ್ಟಳು. “ಇಲ್ಲಿ ನೋಡ್ರಿ. ಗೆರಿ ಮುಗಿಯೋ ಕಡೆ ಕುಂಚ ಎಡಕ್ಕ ಎತ್ತ್ಯಾರ. ನಮ್ಮ ಮನಿ ಮಡಿಕಿ ಮ್ಯಾಲ ಹೂ ಬರದಾಗೂ ಹಿಂಗ ಎತ್ತೋರು. ಇದು ನಮ್ಮಪ್ಪನ ಕೈ.”

ಇಬ್ಬರೂ ಹೊರಸಿನ ಕಡೆ ತಿರುಗಿದರು.

ಗುಡದಪ್ಪನವರ ಕಣ್ಣಿಂದ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲು ಅವರು ಕೈ ಎತ್ತಲಿಲ್ಲ. ಅಂಜಲಿಯೇ ಹೋಗಿ ಸೆರಗಿನಿಂದ ಒರೆಸಿದಳು.

“ನಾ ಹುಟ್ಟೋಕಿಂತ ಮೊದಲ ಎರಡು ವರ್ಷ ಅಪ್ಪ ಹುಚ್ಚು ಹಿಡದೋರಂಗ ತಟ್ಟಿ ಸುಟ್ಟು ಸುಟ್ಟು ಒಡೀತಿದ್ರು ಅಂತ ಅವ್ವ ಹೇಳ್ತಿದ್ಲು,” ಎಂದಳು. “ಯಾಕಂತ ಅಕಿಗೂ ಗೊತ್ತಿದ್ದಿಲ್ಲ. ತುಂಡು ತೋರಿಸಿದಾಗ ಅಪ್ಪ ಹಿಂಗ ಅತ್ರು. ಆಮ್ಯಾಲ ಎಷ್ಟು ಹೊಗಿ, ಎಷ್ಟು ಹೊತ್ತು ಅಂತ ಎಡಗೈಲೆ ನನಗ ತೋರಿಸಿಕೊಟ್ಟೋರು ಅವ್ರ.”

ಶಮಶೇರಸಾಬರು ಅಲ್ಲಿದ್ದ ಒಂದು ಸ್ಟೂಲನ್ನು ಹೊರಸಿನ ಹತ್ತಿರ ಎಳೆದುಕೊಂಡು ಕುಂತರು. ಮುದುಕನ ಎಡಗೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡರು. ಬೆರಳ ಚರ್ಮ ಸುಟ್ಟು ಸುಟ್ಟು ಗಟ್ಟಿಯಾಗಿತ್ತು.

“ಗುಡದಪ್ಪಣ್ಣ, ನಾ ಕೇಳ್ತೇನಿ. ಹೌದಾದ್ರ ನನ್ನ ಕೈ ಒತ್ತು. ಅಲ್ಲಾದ್ರ ಬಿಡು.”

ಕೈ ಒತ್ತಿತು.

“ಈ ತಟ್ಟಿ ನೀ ಮಾಡಿದ್ದು?”

ಒತ್ತಿತು.

“ಖರೇ ತಟ್ಟಿ ನಿನ್ನ ಮುಂದ ಇಟ್ಟು, ಇಂಥಾದ್ದ ಮಾಡು ಅಂತ ಯಾರೋ ಹೇಳಿದ್ರು. ಹೌದಲ್ಲೋ?”

ಒತ್ತಿತು.

“ಪ್ರಭುಲಿಂಗಪ್ಪನ?”

ಒತ್ತಿತು, ಬಹಳ ಮೆತ್ತಗೆ.

ಶಮಶೇರಸಾಬರು ಉಸಿರು ಬಿಟ್ಟರು. ಇದು ನನ್ನ ತಟ್ಟಿ ಅಲ್ಲ ಎಂದಿದ್ದರು ಗೆಳೆಯ. ಇದು ಇಟಲಿ ತಟ್ಟೆ ಅಲ್ಲ ಎಂದು ಒಮ್ಮೆಯೂ ಹೇಳಿರಲಿಲ್ಲ. ಬೀರುವಿನಲ್ಲಿ ಇಪ್ಪತ್ತೇಳು ಇಪ್ಪತ್ತೆಂಟು ವರ್ಷ ಇದ್ದದ್ದು ಗುಡದಪ್ಪನವರ ತಟ್ಟೆಯೆಂದು ಅವರಿಗೆ ಮೊದಲಿನಿಂದ ಗೊತ್ತಿತ್ತು. ಅವರು ಹುಡುಕಲು ಹೇಳಿದ್ದು ಗುಡದಪ್ಪನವರ ತಟ್ಟೆಯನ್ನು. ಹಾಗಾದರೆ ಲೂಯಿಜಿ ಕೊಟ್ಟುಹೋದದ್ದು ಎಲ್ಲಿ? ಕೊಟ್ಟ ಮಾತಿಗಾಗಿ ಜೀವ ಹಿಡಿದಿದ್ದ ಮನುಷ್ಯ ಆ ಒಂದು ತಟ್ಟೆಯನ್ನು ಯಾರಿಗೆ ಕೊಟ್ಟ, ಯಾಕೆ ಕೊಟ್ಟ?

“ಪ್ರಭು ಅದನ್ನ ಮಾರಿದ್ನೇನು?”

ಗುಡದಪ್ಪನವರ ಕೈ ಸಡಿಲವಾಯಿತು. ಅಲ್ಲ.

“ಅಂವನ ಒಯ್ದ್ನೇನು?”

ಅಲ್ಲ. ಅವರು ಕೈ ಬಿಡಿಸಿಕೊಂಡು ತಮ್ಮ ನೆತ್ತಿಯ ಮೇಲೆ ಇಟ್ಟು, ಮೆಲ್ಲಗೆ ಮುಂದಕ್ಕೆ ಎಳೆದರು. ಹಣೆಯ ತನಕ ಸೆರಗು ಎಳೆದುಕೊಂಡಂತೆ.

“ಹೆಣ್ಣುಮಗಳು,” ಎಂದಳು ಅಂಜಲಿ. “ಒಬ್ಬಾಕಿ ಬಂದು ಒಯ್ದ್ಲು ಅಂತಾರ.”

“ಹೆಸರು ಗೊತ್ತೈತೇನಣ್ಣ?”

ಮುದುಕ ತಲೆಯಾಡಿಸಿದರು. ಇಲ್ಲ ಎಂದೋ, ಹೌದು ಎಂದೋ ತಿಳಿಯಲಿಲ್ಲ. ಅವರು ತಿಗರಿಯ ಕಡೆ ಬೆರಳು ಮಾಡಿದರು. ಮಗಳಿಗೆ ಅರ್ಥವಾಯಿತು. ಅವಳು ಹಸಿ ಮಣ್ಣಿನ ಮುದ್ದೆಯನ್ನು ಒಂದು ಹಲಗೆಯ ಮೇಲೆ ತಟ್ಟಿ ಚಪ್ಪಟೆ ಮಾಡಿ ಅವರ ತೊಡೆಯ ಮೇಲೆ ಇಟ್ಟಳು.

ಗುಡದಪ್ಪ ಮೊದಲು ಒಡೆದ ತಟ್ಟೆಯ ಪಟ್ಟಿ ತೋರಿಸಿದರು. ಅಸ್ಸುಂತಾ ಎಂಬ ಹೆಸರಿನ ಮೇಲೆ ಬೆರಳಿಟ್ಟು, ಅಲ್ಲ ಎಂಬಂತೆ ಆಡಿಸಿದರು.

“ಖರೇ ತಟ್ಟಿ ಮ್ಯಾಲ ಈ ಹೆಸರು ಇದ್ದಿಲ್ಲಂತ್ರಿ,” ಎಂದಳು ಅಂಜಲಿ, ನಿಧಾನವಾಗಿ. “ಬ್ಯಾರೆ ಇತ್ತು. ಬದಲಿ ಮಾಡಿ ಬರಿ ಅಂದಿದ್ರು. ಹೌದೇನಪ್ಪಾ?”

“ಹ್ಞೂ,” ಎಂದರು ಗುಡದಪ್ಪ. ಅಷ್ಟು ಹೊತ್ತಿನಲ್ಲಿ ಅವರ ಬಾಯಿಂದ ಬಂದದ್ದು ಅದೊಂದೇ.

“ಅಪ್ಪಗ ಇಂಗ್ಲಿಷ್ ಓದಾಕ ಬರೂದಿಲ್ರಿ, ಕಾಕಾರ. ಆದ್ರ ಒಮ್ಮೆ ಕೈಲೆ ಬರದದ್ದು ಮರಿಯಾಂಗಿಲ್ಲ.”

ಓದಲು ಬಾರದವನ ಹತ್ತಿರವೇ ಪ್ರಭುಲಿಂಗಪ್ಪ ಅದನ್ನು ತಂದದ್ದು ಯಾಕೆಂದು ಶಮಶೇರಸಾಬರಿಗೆ ಆಗ ಹೊಳೆಯಿತು. ಆ ಹೆಸರನ್ನು ಯಾರೂ ಓದಬಾರದಾಗಿತ್ತು.

“ಬೆಲ್ಲಾ ಅಂದ್ರೇನ್ರಿ?” ಅಂಜಲಿ ಕೇಳಿದಳು. “ನಾ ಸುಮ್ಮನ ನೋಡಿ ಬರದೇನಿ.”

“ಚೆಲುವಿ ಅಂತ. ಆ ಕಡೆ ಗಂಡಸರು ತಮ್ಮ ಮನಸ್ಸಿನಾಕಿ ಹೆಸರು ಹಾಕಿಸಿ ಇಂಥಾ ತಟ್ಟಿ ಮಾಡಸ್ತಿದ್ರಂತ. ಪ್ರಭು ಹೇಳಿದ್ದ.” ಹೇಳುತ್ತಿದ್ದಂತೆ ಅವರ ಮಾತು ನಿಧಾನವಾಯಿತು. ಲೂಯಿಜಿಗೆ ಆಗ ಇಪ್ಪತ್ನಾಲ್ಕೋ ಇಪ್ಪತ್ತೈದೋ. ತಾಯಿಗೆ ಕಾಗದ ಬರೆದು ಒಬ್ಬಳ ಹೆಸರು ಹೇಳಿರಬೇಕು. ತಾಯಿ ಸಾವಿರಾರು ಹರಿದಾರಿ ದೂರ ಕುಂತು, ಕಾಣದ ಹುಡುಗಿಯ ಮುಖ ಬರೆದು, ಕೆಂಪು ತುಂಬಿ ಕಳಿಸಿರಬೇಕು.

ಗುಡದಪ್ಪನವರ ತೋರುಬೆರಳು ಹಸಿ ಮಣ್ಣಿನಲ್ಲಿ ಇಳಿಯಿತು. ಮೊದಲ ಅಕ್ಷರ ಗುಡಿಸಲಿನಂತೆ ಎರಡು ಓರೆ ಗೆರೆ, ನಡುವೆ ಒಂದು ಅಡ್ಡ. ಎರಡನೆಯದು ಅರ್ಧ ಬಳೆ. ಮೂರನೆಯದಕ್ಕೆ ಎರಡು ಹೊಟ್ಟೆ. ಬೆರಳು ಎಲ್ಲೂ ದಾರಿ ತಪ್ಪಲಿಲ್ಲ. ಒಂದೊಂದು ಅಕ್ಷರ ಮುಗಿದಾಗಲೂ ತುದಿಯನ್ನು ಎಡಕ್ಕೆ ಎತ್ತುತ್ತಿದ್ದರು.

ಆರು ಅಕ್ಷರ. ಅಂಜಲಿ ಬಗ್ಗಿ ಕೂಡಿಸಿ ಓದಿದಳು.

“ಎ, ಸಿ, ಬಿ, ಎ, ಆರ್, ಐ. ಅಕ್ಬರಿ.” ಅವಳು ತಲೆ ಎತ್ತಿದಳು. “ಇದು ಇಟಲಿ ಹೆಸರಲ್ಲಲ್ರಿ. ನಿಮ್ಮ ಮಂದ್ಯಾಗ ಇಡೋ ಹೆಸರಿದ್ದಂಗೈತಿ.”

ಶಮಶೇರಸಾಬರು ಮಣ್ಣಿನ ಮೇಲೆ ಕಣ್ಣಿಟ್ಟು ಕುಂತೇ ಇದ್ದರು. ಅವರ ಬೆನ್ನು ಆ ದಿನ ಮೊದಲ ಸಲ ಬಾಗಿತ್ತು.

“ಯಾರ ಹೆಸರ್ರಿ, ಕಾಕಾರ?”

“ನಮ್ಮವ್ವಂದು.”

ಅಕ್ಬರಬಿ. ಎಂಬತ್ತಾರು ವರ್ಷದ ಮುದುಕಿ, ಹಾವೇರಿಯ ಮನೆಯಲ್ಲಿ ಅವರ ಜೋಡಿಯೇ ಇರುವವಳು. ಮದುವೆಗೆ ಮುಂಚೆ ರಾಣೆಬೆನ್ನೂರಿನ ಅರಳೆ ಪ್ರೆಸ್ಸಿನಲ್ಲಿ ಹತ್ತಿ ಆರಿಸುವ ಕೆಲಸಕ್ಕೆ ಹೋಗುತ್ತಿದ್ದಳೆಂಬುದಷ್ಟೇ ಮಗನಿಗೆ ಗೊತ್ತಿದ್ದದ್ದು. ಆ ಕಾಲದ ಬಗ್ಗೆ ಅವಳು ಹೇಳಿದ್ದಿಲ್ಲ, ಅವರು ಕೇಳಿದ್ದಿಲ್ಲ. ತಂದೆ ಇದ್ದಷ್ಟು ದಿನ ಆ ಮನೆಯಲ್ಲಿ ಯಾರೂ ದನಿ ಎತ್ತಿ ಜಗಳಾಡಿದ್ದೂ ಇಲ್ಲ. ಅವ್ವ ಸುಖವಾಗಿದ್ದಳು ಎಂದೇ ಅವರು ತಿಳಿದಿದ್ದರು. ಈಗಲೂ ಹಾಗೇ ತಿಳಿಯಬೇಕೆನಿಸಿತು.

ಅಂಗಿಯ ಜೇಬಿನಲ್ಲಿ ಮೊಬೈಲು ಗುರುಗುಟ್ಟಿತು. ಹಾವೇರಿಯಿಂದ ಹೆಂಡತಿ ಮುಮ್ತಾಜಬಿ.

“ಎಲ್ಲಿ ಅದೀರಿ? ಲಗೂ ಮನಿಗೆ ಬರ್ರಿ. ಅತ್ತಿ ಕಾಣವಲ್ರು.”

“ಕಾಣವಲ್ರು ಅಂದ್ರ? ಬಾಜೂಮನ್ಯಾಗ ನೋಡು.”

“ಎಲ್ಲಾ ಕಡೆ ನೋಡೇನ್ರಿ. ನಿನ್ನೆ ಊಟಕ್ಕ ಕುಂತಾಗ ನೀವು ಆ ತಟ್ಟಿ ಸುದ್ದಿ ಹೇಳಿದ್ರಲ್ಲ, ಅವಾಗಿಂದ ಅವ್ರು ಒಂದು ಮಾತು ಆಡಿಲ್ಲ. ನಾ ಪ್ಯಾಟಿಗೆ ಹೋಗಿ ಬರೋದ್ರಾಗ ತಮ್ಮ ಟ್ರಂಕ್ ತಗದಾರ. ಬಾಗಲಾಗ ಆಟೋ ನಿಂದರ್ಸಿ ಹತ್ತಿದ್ದನ್ನ ಎದುರು ಮನಿಯವ್ರು ನೋಡ್ಯಾರ.” ಮುಮ್ತಾಜಬಿ ಅಳುತ್ತಿದ್ದಳು. “ಎಲ್ಲಿಗಂತ ಕೇಳಿದ್ರ ಬ್ಯಾಡಗಿಗೆ ಅಂದ್ರಂತ. ಎದಿಗೆ ತಟ್ಟಿಯಷ್ಟು ಅಗಲದ ಒಂದು ಗಂಟು ಅವಚಿಕೊಂಡು ಕುಂತಿದ್ರಂತ್ರಿ. ಮದುವಿ ಹಸಿರು ಸೀರಿ ಉಟ್ಟಿದ್ರಂತ.”